ನೊರೆ ಬರದ ತಲೆಸ್ನಾನ: ಕ್ಲೆನ್ಸಿಂಗ್ ಕಂಡೀಷನರ್ ಕೊಳ್ಳುವ ಮುಂಚೆ

ಗುಂಗುರು ಕೂದಲಿನವರ ಬಚ್ಚಲುಮನೆಯಲ್ಲಿ ಈಗ ಶಾಂಪೂ ಪಕ್ಕ ಇನ್ನೊಂದು ಟ್ಯೂಬ್ ಬಂದು ಕೂತಿದೆ. ಮೇಲೆ ಕ್ಲೆನ್ಸಿಂಗ್ ಕಂಡೀಷನರ್ ಅಂತಲೋ ಕೋ-ವಾಷ್ ಅಂತಲೋ ಬರೆದಿರುತ್ತದೆ. ಇದೊಂದನ್ನೇ ಹಾಕಿ ತಲೆ ತೊಳೆದುಕೊಳ್ಳಿ, ಶಾಂಪೂ ಬೇಡವೇ ಬೇಡ ಅನ್ನುವುದು ಅದರ ಜಾಹೀರಾತಿನ ಮಾತು. ಅದು ಅರ್ಧ ನಿಜ. ಒಪ್ಪುವ ತಲೆಗೆ ಸರಿಯಾಗಿ ಬಳಸಿದರೆ ಒಣಗಿ ಒರಟಾದ ಕೂದಲು ಬಾಚಣಿಗೆಗೆ ಬಗ್ಗುತ್ತದೆ. ಒಪ್ಪದ ತಲೆಗೆ ಹಾಕಿದರೆ, ಅಥವಾ ಶಾಂಪೂ ಅಭ್ಯಾಸದಲ್ಲೇ ಒಂದು ನಿಮಿಷ ಸವರಿ ನೀರು ಸುರಿದುಕೊಂಡರೆ, ಎರಡು ಮೂರು ವಾರಕ್ಕೆ ನೆತ್ತಿ ಅಂಟಂಟಾಗಿ ಕೆರೆತ ಶುರುವಾಗುತ್ತದೆ. ಇಲ್ಲಿ ತೊಳೆಯುವ ಕೆಲಸದಲ್ಲಿ ಹೆಚ್ಚಿನ ಪಾಲು ಬೆರಳಿನದು, ನೀರಿನದು. ಟ್ಯೂಬಿನೊಳಗಿನ ಕ್ರೀಮು ಬರೀ ಸಹಾಯಕ.

ಕಾರಣ ಅದರ ರಸಾಯನದಲ್ಲೇ ಇದೆ. ಶಾಂಪೂವಿನಲ್ಲಿ ಸೋಡಿಯಂ ಲಾರೆತ್ ಸಲ್ಫೇಟ್‌ನಂಥ ಋಣ ವಿದ್ಯುದಂಶದ ಪದಾರ್ಥ ಇರುತ್ತದೆ. ಅದರ ಕಣದ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ನೀರು ಹೋದಾಗ ಜಿಡ್ಡೂ ಜೊತೆಗೆ ಹೋಗುತ್ತದೆ. ಕ್ಲೆನ್ಸಿಂಗ್ ಕಂಡೀಷನರ್‌ನಲ್ಲಿ ಇರುವುದು ಧನ ವಿದ್ಯುದಂಶದ ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್ ಅಥವಾ ಮೆಥೋಸಲ್ಫೇಟ್, ಸೆಟ್ರಿಮೋನಿಯಂ ಕ್ಲೋರೈಡ್, ಜೊತೆಗೆ ಸೀಟೈಲ್, ಸೀಟಿಯರಿಲ್ ಆಲ್ಕೋಹಾಲ್. (ಆಲ್ಕೋಹಾಲ್ ಅಂದಾಕ್ಷಣ ಕೂದಲು ಒಣಗುತ್ತದೆ ಅಂತ ಹೆದರುವುದು ಬೇಡ. ಇವು ಮೇಣದ ಜಾತಿಯವು, ಕೂದಲನ್ನು ಮೃದು ಮಾಡುವವು.) ಕೂದಲಿನ ಮೇಲ್ಮೈ ಋಣ ವಿದ್ಯುದಂಶದ್ದು. ಬ್ಲೀಚ್, ಬಣ್ಣ, ಸ್ಟ್ರೈಟ್ನಿಂಗ್ ಆಗಿ ಹಾಳಾದ ಕಡೆ ಅದು ಇನ್ನೂ ಹೆಚ್ಚು. ಹಾಗಾಗಿ ಈ ಪದಾರ್ಥಗಳು ಅಲ್ಲಿಗೇ ಹೋಗಿ ಕಚ್ಚಿಕೊಳ್ಳುತ್ತವೆ. ಇವಕ್ಕೂ ಸ್ವಲ್ಪ ಜಿಡ್ಡನ್ನು ಕರಗಿಸಿ ನೀರಿಗೆ ಬೆರೆಸುವ ಗುಣ ಇದೆ, ಆದರೆ ಶಾಂಪೂವಿನಷ್ಟು ಬಲ ಇಲ್ಲ. ಕೆಲವು ಕಂಪನಿಗಳು ಡೆಸಿಲ್ ಗ್ಲೂಕೋಸೈಡ್ ಅಥವಾ ಕೋಕಮಿಡೋಪ್ರೊಪೈಲ್ ಬೀಟೈನ್‌ನಂಥ ಸೌಮ್ಯ ತೊಳೆಯುವ ಪದಾರ್ಥವನ್ನೂ ಒಂದಿಷ್ಟು ಸೇರಿಸುತ್ತವೆ. ನನ್ನ ಪ್ರಕಾರ ಹೊಸಬರಿಗೆ ಆ ಬಗೆಯದೇ ವಾಸಿ.

ನೊರೆಯಿಲ್ಲದ ಲೋಳೆಯಿಂದ ತಲೆ ತೊಳೆಯುವುದು ನಮ್ಮ ಕಡೆ ಹೊಸದೂ ಅಲ್ಲ. ದಾಸವಾಳದ ಸೊಪ್ಪು ಕಿವುಚಿ ಲೋಳೆ ತೆಗೆದು ತಲೆಗೆ ಹಾಕಿ, ಕಡಲೆಹಿಟ್ಟು ಹಚ್ಚಿ ತಿಕ್ಕಿ ತೊಳೆಯುತ್ತಿದ್ದ ಮನೆಗಳು ಎಷ್ಟೋ ಇವೆ. ಲೋಳೆ ಸಿಕ್ಕು ಬಿಡಿಸುತ್ತದೆ, ಹಿಟ್ಟು ಜಿಡ್ಡು ಹೀರುತ್ತದೆ, ಉಳಿದದ್ದು ಕೈ ಕೆಲಸ. ಸೀಗೆಕಾಯಿ, ಅಂಟುವಾಳ ಮಾತ್ರ ಬೇರೆ ಲೆಕ್ಕ. ಅವುಗಳಲ್ಲಿ ಸಪೋನಿನ್ ಇದೆ, ನೊರೆ ಬರುತ್ತದೆ, ಜಿಡ್ಡನ್ನು ಚೆನ್ನಾಗಿಯೇ ತೆಗೆಯುತ್ತವೆ. ಸೀಗೆಕಾಯಿ ಕಂಡೀಷನರ್ ಇದ್ದ ಹಾಗೆ ಅನ್ನುವ ಮಾತು ಕೇಳುತ್ತೇವೆ. ಹೆಚ್ಚಾಗಿ ಹಾಕಿ ತಿಕ್ಕಿದವರ ಕೂದಲು ಎಷ್ಟು ಒರಟಾಗುತ್ತದೆ ಅಂತ ಅವರನ್ನೇ ಕೇಳಬೇಕು.

ಯಾರಿಗೆ ಒಪ್ಪುತ್ತದೆ, ಯಾರಿಗೆ ಇಲ್ಲ

ನೆತ್ತಿಯಲ್ಲಿ ಹುಟ್ಟುವ ಎಣ್ಣೆಯಂಶ ನೇರ ಕೂದಲಿನಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಗುಂಗುರು ಕೂದಲಿನಲ್ಲಿ ಪ್ರತಿ ತಿರುವಿನಲ್ಲೂ ತಡೆಯುತ್ತದೆ, ತುದಿಗೆ ಮುಟ್ಟುವುದೇ ಇಲ್ಲ. ಅದಕ್ಕೇ ಬುಡ ಜಿಡ್ಡು, ತುದಿ ಒಣಕಲು. ಇಂಥವರಿಗೆ, ಒರಟು ದಪ್ಪ ಕೂದಲಿನವರಿಗೆ, ಬಣ್ಣ ಹಾಕಿಸಿದವರಿಗೆ ಈ ವಿಧಾನ ಲಾಭ.

ತೆಳುವಾದ ನೇರ ಕೂದಲು, ಒಂದೇ ದಿನಕ್ಕೆ ಜಿಡ್ಡಾಗುವ ನೆತ್ತಿ ಇದ್ದವರು ದುಡ್ಡು ಉಳಿಸಿಕೊಳ್ಳಲಿ. ತಲೆಹೊಟ್ಟು ಇದ್ದವರಂತೂ ಇದನ್ನೇ ನಂಬಬಾರದು. ಹೊಟ್ಟಿನ ಹಿಂದೆ ಇರುವ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ನೆತ್ತಿಯ ಜಿಡ್ಡೇ ಆಹಾರ. ಜಿಡ್ಡು ಪೂರ್ತಿ ಹೋಗದ ತಲೆಯಲ್ಲಿ ಅದು ಆರಾಮವಾಗಿ ಬೆಳೆಯುತ್ತದೆ.

ವಾರಕ್ಕೊಮ್ಮೆ ಕೈತುಂಬ ಎಣ್ಣೆ ಹಚ್ಚುವವರದ್ದು ಇನ್ನೊಂದು ತಾಪತ್ರಯ. ದೀಪಾವಳಿಯ ಎಣ್ಣೆಸ್ನಾನದ ಹರಳೆಣ್ಣೆಯನ್ನು ಕೋ-ವಾಷ್‌ನಿಂದ ತೆಗೆಯುತ್ತೇನೆ ಅಂತ ಹೊರಟರೆ ಟ್ಯೂಬು ಖಾಲಿಯಾಗುತ್ತದೆಯೇ ಹೊರತು ಎಣ್ಣೆ ಹೋಗುವುದಿಲ್ಲ. ಆ ದಿನಕ್ಕೆ ಸೀಗೆಕಾಯಿ ಅಥವಾ ಶಾಂಪೂವೇ ಸರಿ. ತೆಳುವಾಗಿ ಸವರಿದ ಕೊಬ್ಬರಿ ಎಣ್ಣೆಯಾದರೆ ಒಂದು ಉಪಾಯ ಇದೆ: ನೀರು ಮುಟ್ಟಿಸುವ ಮೊದಲೇ ಎಣ್ಣೆ ಕೂದಲಿಗೆ ಕಂಡೀಷನರ್ ಹಚ್ಚಿ, ಐದು ನಿಮಿಷ ಕೈಯಾಡಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬೆಚ್ಚಗಿನ ನೀರು ಸೇರಿಸುತ್ತ ಹೋಗಬೇಕು. ಎಣ್ಣೆ ಬೆಳ್ಳಗೆ ಒಡೆದು ನೀರಿನ ಜೊತೆ ಹೋಗುತ್ತದೆ. ಮೊದಲೇ ನೀರು ಸುರಿದರೆ ಈ ಆಟ ನಡೆಯುವುದಿಲ್ಲ.

ಹೆಲ್ಮೆಟ್ ಹಾಕುವವರ ಬೆವರಿನ ಉಪ್ಪು ಬರೀ ನೀರಿಗೇ ಹೋಗುತ್ತದೆ, ಅದಕ್ಕೆ ಕೋ-ವಾಷ್ ಸಾಕು. ಹೆಲ್ಮೆಟ್ಟಿನ ಒಳಗಿನ ಮೆತ್ತೆಗೆ ಅಂಟಿ ವಾಪಸ್ ತಲೆಗೇ ಬರುವ ಜಿಡ್ಡು, ಧೂಳಿಗೆ ಮಾತ್ರ ವಾರಕ್ಕೊಂದು ಶಾಂಪೂ ಬೇಕೇ ಬೇಕು. ಮೆತ್ತೆ ಬಿಚ್ಚಿ ಬರುವಂಥದ್ದಾದರೆ ಅದನ್ನೂ ತೊಳೆಯಿರಿ.

ಲೇಬಲ್ಲಿನಲ್ಲಿ ಏನು ನೋಡಬೇಕು

ಮುಂಭಾಗದಲ್ಲಿ ದೊಡ್ಡದಾಗಿ ಬರೆದಿರುವ ತೆಂಗು, ಆವಕಾಡೊ, ಬಾದಾಮಿಯನ್ನು ಬಿಟ್ಟುಬಿಡಿ. ಹಿಂದಿನ ಪಟ್ಟಿಯಲ್ಲಿ ಪದಾರ್ಥಗಳು ಪ್ರಮಾಣದ ಇಳಿಕೆ ಕ್ರಮದಲ್ಲಿ ಇರುತ್ತವೆ, ಮೊದಲ ಆರೇಳು ನೋಡಿದರೆ ಜಾತಕ ಗೊತ್ತಾಗುತ್ತದೆ. ನೀರು, ಸೀಟಿಯರಿಲ್ ಆಲ್ಕೋಹಾಲ್, ಗ್ಲಿಸರಿನ್, ಬೆಹೆನ್‌ಟ್ರೈಮೋನಿಯಂ ಹೀಗೆ ಸಾಗಿದರೆ ಅದು ನಿಜವಾದ ಕೋ-ವಾಷ್. ನೀರಾದ ಮೇಲೆ ಸೋಡಿಯಂ ಲಾರೆತ್ ಸಲ್ಫೇಟ್ ಬಂದರೆ ಅದು ಹೆಸರು ಬದಲಿಸಿದ ಶಾಂಪೂ. ಮೊದಲ ಐದರೊಳಗೆ ಶಿಯಾ ಬೆಣ್ಣೆ, ಹರಳೆಣ್ಣೆ ಇದ್ದರೆ ಅತಿ ಒಣ, ಬಿಗಿ ಗುಂಗುರಿಗೆ ಬಿಟ್ಟು ಬೇರೆಯವರಿಗೆ ಭಾರ.

ಹೆಸರಿನ ಕೊನೆಗೆ ಕೋನ್, ಕೋನಾಲ್ ಬರುವವು ಸಿಲಿಕೋನ್‌ಗಳು. ಡೈಮೆಥಿಕೋನ್, ಅಮೋಡೈಮೆಥಿಕೋನ್ ನೀರಿಗೆ ಕರಗುವುದಿಲ್ಲ. ಶಾಂಪೂ ಬಳಸುವವರಿಗೆ ಅವು ತೊಂದರೆಯಲ್ಲ, ಪ್ರತಿ ಸಲ ತೊಳೆದುಹೋಗುತ್ತವೆ. ಶಾಂಪೂ ಬಿಟ್ಟವರ ಕೂದಲಿನಲ್ಲಿ ಪದರದ ಮೇಲೆ ಪದರ ಕೂರುತ್ತದೆ. ಸೂಪರ್ ಮಾರ್ಕೆಟ್ಟಿನ ಮಾಮೂಲಿ ಕಂಡೀಷನರ್‌ಗಳಲ್ಲಿ ಬಹುಪಾಲು ಇವು ಇರುತ್ತವೆ. ಅವನ್ನೇ ನೆತ್ತಿಗೆ ತಿಕ್ಕಿ ಕೋ-ವಾಷ್ ಮಾಡಿದೆ ಅನ್ನುವವರು ಎಡವುವುದು ಇಲ್ಲೇ.

ಪ್ರಿಸರ್ವೇಟಿವ್‌ಗಳಲ್ಲಿ ಮಿಥೈಲ್‌ಐಸೋಥಯಜೋಲಿನೋನ್, ಮಿಥೈಲ್‌ಕ್ಲೋರೋಐಸೋಥಯಜೋಲಿನೋನ್ ಅಲರ್ಜಿಗೆ ಹೆಸರಾದ ಜೋಡಿ. ಯುರೋಪಿಯನ್ ಒಕ್ಕೂಟದಲ್ಲಿ ತೊಳೆದು ಹಾಕುವ ಉತ್ಪನ್ನಗಳಲ್ಲಿ ಈ ಮಿಶ್ರಣಕ್ಕೆ 0.0015% ಮಿತಿ ಇದೆ. ಐದು ನಿಮಿಷ ನೆತ್ತಿಗೆ ತಿಕ್ಕುವ ವಸ್ತುವಿನಲ್ಲಿ ಇವು ಇಲ್ಲದಿದ್ದರೇ ಒಳ್ಳೆಯದು. ಯಾವುದೇ ಆಗಲಿ, ಮೊದಲು ಮೊಣಕೈ ಒಳಮಡಿಕೆಗೆ ಕಾಳಿನಷ್ಟು ಹಚ್ಚಿ, ಐದು ನಿಮಿಷ ಬಿಟ್ಟು ತೊಳೆದು, ಎರಡು ದಿನ ಕಾದು ನೋಡಿ.

ತೊಳೆಯುವ ಕ್ರಮ

ಶುರು ಮಾಡುವ ದಿನ ಕೋ-ವಾಷ್ ಅಲ್ಲ, ಶಾಂಪೂ. ಸಲ್ಫೇಟ್ ಇರುವ ಸಾಮಾನ್ಯ ಶಾಂಪೂವನ್ನು ಎರಡು ಸಲ ಹಾಕಿ ಹಳೆಯ ಸಿಲಿಕೋನ್, ಸೀರಮ್, ಎಣ್ಣೆ ಎಲ್ಲ ತೆಗೆಯಿರಿ. ಹಳೆ ಪದರದ ಮೇಲೆ ಕೋ-ವಾಷ್ ಹಾಕಿದರೆ ಅದು ಅದರ ಮೇಲೆಯೇ ಇನ್ನೊಂದು ಪದರವಾಗುತ್ತದೆ. ಹಾಗಂತ ಶಾಂಪೂ, ಕಂಡೀಷನರ್ ಎರಡನ್ನೂ ಅಂಗೈಯಲ್ಲಿ ಕಲಸಿ ಹಾಕುವ ಜಾಣತನ ಬೇಡ. ಒಂದು ಋಣ, ಇನ್ನೊಂದು ಧನ. ಎರಡೂ ಒಂದನ್ನೊಂದು ಹಿಡಿದುಕೊಂಡು ಎರಡರ ಕೆಲಸವೂ ಕೆಡುತ್ತದೆ.

ಮುಂದಿನ ತಲೆಸ್ನಾನಕ್ಕೆ ಕೋ-ವಾಷ್. ಒಣ ಕೂದಲಿನಲ್ಲೇ ದೊಡ್ಡ ಸಿಕ್ಕುಗಳನ್ನು ಬೆರಳಿನಿಂದ ಬಿಡಿಸಿಕೊಳ್ಳಿ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ನೆನೆಸಿ. ದಟ್ಟ ಕೂದಲಾದರೆ ಮೇಲ್ಪದರ ಒದ್ದೆಯಾಗಿ ಒಳಗೆ ಒಣಗಿಯೇ ಇರುತ್ತದೆ. ಬೈತಲೆ ಬೇರೆ ಬೇರೆ ಕಡೆ ತೆಗೆದು ನೀರು ಬಿಡಬೇಕು.

ಪ್ರಮಾಣದಲ್ಲಿ ಜಿಪುಣತನ ನಡೆಯುವುದಿಲ್ಲ. ಭುಜದವರೆಗಿನ ಕೂದಲಿಗೆ 30ರಿಂದ 40 ಮಿಲಿ, ಸೊಂಟ ಮುಟ್ಟುವ ಜಡೆಗೆ 60 ಮಿಲಿ ಮೇಲೆ ಬೇಕು. ಅಡುಗೆಮನೆಯ ಟೇಬಲ್ ಚಮಚ ಒಂದಕ್ಕೆ 15 ಮಿಲಿ ಅಂತ ಲೆಕ್ಕ ಹಾಕಿ. ಶಾಂಪೂ 8-10 ಮಿಲಿಯಲ್ಲಿ ಮುಗಿಯುತ್ತಿತ್ತು. ಅಂದರೆ 200 ಮಿಲಿ ಟ್ಯೂಬು ಐದಾರು ಸ್ನಾನಕ್ಕೆ ಸಮ. ಕೊಳ್ಳುವ ಮುಂಚೆ ಈ ಲೆಕ್ಕ ತಲೆಯಲ್ಲಿರಲಿ, ಬೆಲೆಯ ಚೀಟಿ ಹೇಳುವುದಕ್ಕಿಂತ ಇದು ದುಬಾರಿ ಬಾಬತ್ತು.

ತಲೆಯನ್ನು ನಾಲ್ಕು ಭಾಗ ಮಾಡಿ, ತುಂಬ ದಟ್ಟವಾಗಿದ್ದರೆ ಆರು. ಪ್ರತಿ ಭಾಗಕ್ಕೂ ಒಂದು ಪಾಲು ಕ್ರೀಮು, ಅದೂ ಕೂದಲಿಗಲ್ಲ, ನೆತ್ತಿಯ ಚರ್ಮಕ್ಕೆ. ಮಾಮೂಲಿ ಕಂಡೀಷನರನ್ನು ತುದಿಗೆ ಮಾತ್ರ ಹಚ್ಚಿ ಅಂತ ಕಲಿತವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಉಗುರು ತಾಗಿಸದೆ ಬೆರಳಿನ ದಿಂಬಿನಿಂದ ಚರ್ಮ ಅಲುಗಾಡುವಷ್ಟು ಒತ್ತಿ, ಸಣ್ಣ ಸಣ್ಣ ಸುತ್ತು ಹಾಕುತ್ತ ಹೋಗಿ. ಒಟ್ಟು ನಾಲ್ಕೈದು ನಿಮಿಷ. ಎಲ್ಲರೂ ನಡುನೆತ್ತಿಯನ್ನೇ ತಿಕ್ಕುತ್ತಾರೆ. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಕೂದಲು ಶುರುವಾಗುವ ಜಾಗ, ಹಣೆಯ ಅಂಚು ಮರೆತುಹೋಗುತ್ತವೆ. ಮೊದಲು ಜಿಡ್ಡು ಕಟ್ಟುವುದೂ ಅಲ್ಲೇ.

ಮಧ್ಯೆ ಮಧ್ಯೆ ಬೊಗಸೆಯಲ್ಲಿ ಒಂದಿಷ್ಟು ನೀರು ಹಾಕಿಕೊಂಡು ಮತ್ತೆ ತಿಕ್ಕಿ. ಗಟ್ಟಿ ಕ್ರೀಮು ತೆಳ್ಳಗೆ ಹಾಲಾಗಿ ಚರ್ಮದ ಮೇಲೆ ಹರಡಿಕೊಳ್ಳುತ್ತದೆ. ಜಿಡ್ಡು ಒಡೆಯುವುದು ಈ ಹಂತದಲ್ಲಿ. ಕ್ರೀಮು ಗಟ್ಟಿಯಾಗಿ ಒಂದೇ ಕಡೆ ಕೂತಿದ್ದರೆ ನೀವು ತೊಳೆಯುತ್ತಿಲ್ಲ, ಲೇಪ ಹಾಕುತ್ತಿದ್ದೀರಿ. ಕೈಯಲ್ಲಿ ಉಳಿದದ್ದನ್ನು ಕೂದಲಿನ ಉದ್ದಕ್ಕೆ ಎಳೆದು, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿ.

ತೊಳೆಯುವ ಹೊತ್ತಿಗೆ ಹೆಚ್ಚಿನವರಿಗೆ ತಾಳ್ಮೆ ಮುಗಿದಿರುತ್ತದೆ. ಶಾಂಪೂವಿಗೆ ಬೇಕಾದ ಎರಡರಷ್ಟು ಹೊತ್ತು ಇದಕ್ಕೆ ಬೇಕು. ಶವರ್ ಇದ್ದರೆ ಮೂರು ನಿಮಿಷ. ಬಕೆಟ್, ಚೊಂಬಿನ ಸ್ನಾನವಾದರೆ ಒಂದು ತುಂಬಿದ ಬಕೆಟ್ಟನ್ನು ತಲೆ ತೊಳೆಯುವುದಕ್ಕೇ ಎತ್ತಿಡಿ. ಮೊದಲು ತಲೆ ಮುಂದಕ್ಕೆ ಬಗ್ಗಿಸಿ ಕುತ್ತಿಗೆಯ ಕಡೆಯಿಂದ ನೀರು ಹಾಕಿ, ಆಮೇಲೆ ಹಿಂದಕ್ಕೆ ವಾಲಿಸಿ ಹಣೆಯ ಕಡೆಯಿಂದ. ಒಂದು ಕೈ ಚೊಂಬು ಹಿಡಿದರೆ ಇನ್ನೊಂದು ಕೈಯ ಬೆರಳು ಬುಡದಲ್ಲಿ ಓಡಾಡುತ್ತಲೇ ಇರಬೇಕು. ಸುಮ್ಮನೆ ಮೇಲಿಂದ ಸುರಿದರೆ ನೀರು ಕೂದಲಿನ ಮೇಲೆ ಜಾರಿ ಹೋಗುತ್ತದೆ. ಸಾಕೋ ಇಲ್ಲವೋ ತಿಳಿಯಲು ನೆತ್ತಿ ಮುಟ್ಟಿ ನೋಡಿ: ಚರ್ಮದ ಮೇಲೆ ಜಾರಿಕೆ ಇರಬಾರದು, ಕೂದಲಿನ ಉದ್ದದಲ್ಲಿ ಸ್ವಲ್ಪ ಜಾರಿಕೆ ಇದ್ದರೆ ಅದು ಸರಿಯೇ. ಕೊನೆಗೆ ಹಣೆ, ಕುತ್ತಿಗೆ, ಬೆನ್ನನ್ನು ಸೋಪು ಹಾಕಿ ತೊಳೆದುಕೊಳ್ಳಿ. ಇಲ್ಲದಿದ್ದರೆ ಅಲ್ಲಿ ಉಳಿದ ಕ್ರೀಮಿನಿಂದ ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತವೆ.

ಹಳೆ ಪಂಚೆ ಅಥವಾ ಹತ್ತಿಯ ಬನಿಯನ್ ಬಟ್ಟೆಯಿಂದ ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಒದ್ದೆ ತಲೆಯನ್ನೇ ತುರುಬು ಕಟ್ಟಿಕೊಂಡು ಹೊರಡಬೇಡಿ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಕಡೆ ದಟ್ಟ ಕೂದಲು ಸಂಜೆಯಾದರೂ ಒಣಗುವುದಿಲ್ಲ. ಬುಡಕ್ಕಾದರೂ ಡ್ರೈಯರ್‌ನ ತಣ್ಣನೆ ಗಾಳಿ ಹಿಡಿಯುವುದು ಒಳ್ಳೆಯದು.

ಎಷ್ಟು ಸಲ? ಎರಡು ಅಥವಾ ಮೂರು ಕೋ-ವಾಷ್ ಆದ ಮೇಲೆ ಒಂದು ಶಾಂಪೂ. ಹತ್ತು ಹದಿನೈದು ದಿನ ಶಾಂಪೂ ಇಲ್ಲದೆ ದಾಟಬೇಡಿ. ಪೂರ್ತಿ ಶಾಂಪೂ ಬಿಟ್ಟೆ ಅನ್ನುವ ಹೆಮ್ಮೆಯಿಂದ ಕೂದಲಿಗೆ ಯಾವ ಉಪಯೋಗವೂ ಇಲ್ಲ.

ನೀರು ಯಾವುದು?

ಒಬ್ಬರಿಗೆ ಒಪ್ಪಿದ ಟ್ಯೂಬು ಇನ್ನೊಬ್ಬರಿಗೆ ಕೈಕೊಡುವುದಕ್ಕೆ ನೀರೂ ದೊಡ್ಡ ಕಾರಣ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್‌ಗಳ ಬೋರ್‌ವೆಲ್, ಟ್ಯಾಂಕರ್ ನೀರು ಎಷ್ಟು ಗಡಸು ಅಂತ ಅಲ್ಲಿನ ನಲ್ಲಿಗಳ ಬಿಳಿ ಕಲೆ, ಗೀಸರಿನ ಕಾಯಿಲ್ ಮೇಲಿನ ಸುಣ್ಣವೇ ಹೇಳುತ್ತದೆ. ಅಂಥ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿಗೆ ಕಚ್ಚಿಕೊಳ್ಳುತ್ತದೆ, ಅದನ್ನು ತೆಗೆಯುವ ಶಕ್ತಿ ಕೋ-ವಾಷ್‌ಗೆ ಇಲ್ಲ. ಅದರ ಮೇಲೆ ಕ್ರೀಮಿನ ಪದರ ಸೇರಿ ಕೂದಲು ಭಾರವಾಗಿ, ಮಂಕಾಗಿ, ಮುಟ್ಟಿದರೆ ಮೇಣ ಸವರಿದ ಹಾಗೆ ಆಗುತ್ತದೆ. ಇದಕ್ಕೆ ಎರಡು ಮೂರು ವಾರಕ್ಕೊಮ್ಮೆ, ಖನಿಜವನ್ನು ಹಿಡಿದು ತೆಗೆಯುವ ಡೈಸೋಡಿಯಂ ಇಡಿಟಿಎ ಅಥವಾ ಟೆಟ್ರಾಸೋಡಿಯಂ ಇಡಿಟಿಎ ಪಟ್ಟಿಯ ಮುಂಭಾಗದಲ್ಲೇ ಇರುವ ಶಾಂಪೂ ಬೇಕು. ಒಂದು ಲೀಟರ್ ನೀರಿಗೆ ಒಂದು ಟೇಬಲ್ ಚಮಚ ವಿನೆಗರ್ ಬೆರೆಸಿ ಕೊನೆಗೆ ಸುರಿದುಕೊಂಡರೆ ಕೂದಲು ನಯವಾಗುತ್ತದೆ, ನಿಜ. ಕೂತಿರುವ ಖನಿಜವೆಲ್ಲ ಅದರಿಂದ ಹೋಗುವುದಿಲ್ಲ.

ಆರ್‌ಒ ಯಂತ್ರದ ಶುದ್ಧ ನೀರು ಎರಡು ಚೊಂಬು ಕೊನೆಯ ತೊಳೆತಕ್ಕೆ ಸಿಕ್ಕರೆ ಒಳ್ಳೆಯದೇ. ಆದರೆ ಅದರ ಪೈಪಿನಿಂದ ಹೊರಬರುವ ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಸ್ನಾನಕ್ಕೆ ಬಳಸುವ ಮನೆಗಳೂ ಇವೆ. ಅದರಲ್ಲಿ ನಲ್ಲಿ ನೀರಿಗಿಂತ ಹೆಚ್ಚು ಲವಣ ಇರುತ್ತದೆ. ನೆಲ ಒರೆಸಲು, ಟಾಯ್ಲೆಟ್ಟಿಗೆ ಸರಿ, ತಲೆಗೆ ಬೇಡ.

ಕೆಟ್ಟರೆ ಏನು ನೋಡಬೇಕು

ಬುಡ ಚಪ್ಪಟೆಯಾಗಿ ಅಂಟುತ್ತಿದ್ದರೆ ಉಗುರಿನಿಂದ ನೆತ್ತಿಯನ್ನು ಮೆಲ್ಲಗೆ ಗೀರಿ ನೋಡಿ. ಉಗುರಿನಡಿ ಬೂದುಬಿಳಿ ಬಣ್ಣದ ಮೆತ್ತನೆ ಕೊಳೆ ಬಂದರೆ ಅದು ಜಿಡ್ಡು, ಕ್ರೀಮು ಸೇರಿ ಕಟ್ಟಿದ್ದು. ಒಂದು ಒಳ್ಳೆ ಶಾಂಪೂ ಸ್ನಾನ, ಮುಂದಿನ ಸಲ ಹೆಚ್ಚು ತಿಕ್ಕು, ಹೆಚ್ಚು ನೀರು. ಬೆರಳಾಡಿಸಿದಾಗ ಚಕ್ಕೆ ಚಕ್ಕೆಯಾಗಿ ಉದುರಿ, ಕೆಳಗಿನ ಚರ್ಮ ಕೆಂಪಾಗಿ ಕೆರೆಯುತ್ತಿದ್ದರೆ ಕೋ-ವಾಷ್ ನಿಲ್ಲಿಸಿ. ಮೆಡಿಕಲ್ ಶಾಪಿನಲ್ಲಿ ಸಿಗುವ 2% ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ, ನೊರೆಯನ್ನು ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯುತ್ತ ಎರಡರಿಂದ ನಾಲ್ಕು ವಾರ ಬಳಸುವುದು ರೂಢಿ. ಅದಕ್ಕೂ ಬಗ್ಗದಿದ್ದರೆ ಚರ್ಮದ ಡಾಕ್ಟರು.

ಕೂದಲು ಉದುರುವ ಭಯ ಬೇರೆ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ. ಗುಂಗುರು ಕೂದಲಿನಲ್ಲಿ ಉದುರಿದ್ದು ಅಲ್ಲೇ ಸಿಕ್ಕಿಕೊಂಡಿರುತ್ತದೆ, ಮೂರು ದಿನದ ಬಾಕಿ ಒಂದೇ ಸ್ನಾನದಲ್ಲಿ ಉಂಡೆಯಾಗಿ ಕೈಗೆ ಬರುತ್ತದೆ. ಎಳೆಯೊಂದನ್ನು ಬೆಳಕಿಗೆ ಹಿಡಿಯಿರಿ. ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಕಾಲ ಮುಗಿದು ಬುಡಸಮೇತ ಬಂದದ್ದು. ಗಂಟಿಲ್ಲದ ತುಂಡುಗಳಾದರೆ ಸಿಕ್ಕು ಬಿಡಿಸುವಾಗ ಮುರಿದದ್ದು. ಬೈತಲೆ ಅಗಲವಾಗುತ್ತಿದ್ದರೆ, ರುಪಾಯಿ ನಾಣ್ಯದಗಲ ಬೋಳು ಕಂಡರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಈ ಮಾತು ಹೇಳುವುದಕ್ಕೆ ಕಾರಣ ಇದೆ. ಹಾಲಿವುಡ್ ಕೇಶವಿನ್ಯಾಸಕಾರ ಚಾಜ್ ಡೀನ್ ಅವರ ವೆನ್ ಎಂಬ ಕ್ಲೆನ್ಸಿಂಗ್ ಕಂಡೀಷನರ್ ಅಮೆರಿಕದಲ್ಲಿ ಟಿವಿ ಜಾಹೀರಾತಿನಿಂದ ಮನೆಮಾತಾಗಿತ್ತು. ಕೂದಲು ಉದುರಿತು, ನೆತ್ತಿ ಕೆರೆಯಿತು ಅಂತ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ನೇರವಾಗಿ 127 ದೂರು ಬಂದಿದ್ದವು. ಅದನ್ನು ತಯಾರಿಸಿ ಮಾರುತ್ತಿದ್ದ ಕಂಪನಿಗಳ ಬಳಿ ಅಂಥ 21,000ಕ್ಕೂ ಹೆಚ್ಚು ದೂರುಗಳಿರುವುದು ತಪಾಸಣೆಯಲ್ಲಿ ಗೊತ್ತಾಗಿ, 2016ರ ಜುಲೈಯಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಬಳಕೆದಾರರು ಹೂಡಿದ ಮೊಕದ್ದಮೆ 2 ಕೋಟಿ 62.5 ಲಕ್ಷ ಡಾಲರ್ ರಾಜಿಯಲ್ಲಿ ಮುಗಿಯಿತು. ಯಾವ ಪದಾರ್ಥದಿಂದ ಹೀಗಾಯಿತು ಅಂತ ಎಫ್‌ಡಿಎ ಆಗ ಹೇಳಲಿಲ್ಲ. ಗಂಭೀರ ದೂರು ಬಂದರೆ ಕಂಪನಿ ತಾನಾಗಿ ತಿಳಿಸಲೇಬೇಕು ಅನ್ನುವ ಕಾನೂನು ಅಲ್ಲಿ ಬಂದದ್ದು 2022ರ ಡಿಸೆಂಬರಿನಲ್ಲಿ. ಎಲ್ಲ ಕೋ-ವಾಷ್‌ಗಳೂ ಅಪಾಯ ಅಂತ ಇದರ ಅರ್ಥವಲ್ಲ. ಆದರೆ "ಮೊದಮೊದಲು ಹಾಗೇ ಆಗುತ್ತದೆ, ತಲೆ ಒಗ್ಗಿಕೊಳ್ಳಲಿ" ಅನ್ನುವ ಸಲಹೆ ಇದೆಯಲ್ಲ, ಅದನ್ನು ನಂಬಿ ಕೆರೆತ, ಉರಿಯನ್ನು ವಾರಗಟ್ಟಲೆ ಸಹಿಸಬೇಡಿ. ಒಗ್ಗುವ ಅವಧಿಯಲ್ಲಿ ಕೂದಲು ಸ್ವಲ್ಪ ಭಾರ ಅನ್ನಿಸಬಹುದು. ಉರಿ ಅದರ ಭಾಗವಲ್ಲ.

ಒಪ್ಪದೆ ಉಳಿದ ಟ್ಯೂಬನ್ನು ಎಸೆಯಬೇಕಿಲ್ಲ, ಉರಿ ಅಲರ್ಜಿ ಆಗಿಲ್ಲದಿದ್ದರೆ ಸಾಕು. ಶಾಂಪೂ ಹಾಕುವ ಮೊದಲು ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ ಎರಡು ಚಮಚ ಸವರಿ, ನೆತ್ತಿಗೆ ಶಾಂಪೂ ಹಾಕಿ ಒಟ್ಟಿಗೇ ತೊಳೆಯಿರಿ. ಹರಿದು ಬರುವ ನೊರೆ ತುದಿಯನ್ನು ಒಣಗಿಸುವುದು ಕಡಿಮೆಯಾಗುತ್ತದೆ.